ಕೈ ಊರದೆ ಏಳೋಕೆ ಆಗುತ್ತಾ? ಓದುಗರ ಪ್ರಶ್ನೆ, ಫಿಸಿಯೋ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಅರವತ್ತು ದಾಟಿದವರದ್ದು, ಇಲ್ಲಾ ಅವರ ಮಕ್ಕಳು ಸೊಸೆಯರದ್ದು. ಹಾಗಾಗಿ ಕಂಪ್ಯೂಟರ್ ಮುಂದೆ ಕೂತು ಕುತ್ತಿಗೆ ಹಿಡಿದುಕೊಂಡವರ ಪತ್ರಗಳನ್ನು ಮುಂದಿನ ತಿಂಗಳಿಗೆ ಎತ್ತಿಟ್ಟಿದ್ದೇನೆ. ಕಣ್ಣು, ಕಿವಿ ವಿಷಯ ಫಿಸಿಯೋಥೆರಪಿಸ್ಟ್‌ಗೆ ಯಾಕೆ ಅಂತ ಕೇಳಬೇಡಿ. ಕಣ್ಣು ಮಂಜಾಗಿ ಬಿದ್ದವರೂ ಕಾಲು ಸೋತು ಬಿದ್ದವರೂ ಕೊನೆಗೆ ಬರುವುದು ನನ್ನ ಟೇಬಲ್ಲಿಗೇ.

ಪ್ರಶ್ನೆ: ನನಗೆ 68. ನಿವೃತ್ತ ಮೇಷ್ಟ್ರು. ದಿನಾ ಬೆಳಗ್ಗೆ ನಾಲ್ಕು ಕಿಲೋಮೀಟರ್ ನಡೆಯುತ್ತೇನೆ, ಮಳೆ ಬಂದರೂ ಬಿಡುವುದಿಲ್ಲ. ಆದರೆ ಕಳೆದ ತಿಂಗಳು ಒಂದು ಮದುವೆಯಲ್ಲಿ ನೆಲದ ಪಂಕ್ತಿಗೆ ಕೂತವನು ಊಟ ಆದಮೇಲೆ ಏಳಲಾಗದೆ ಪಕ್ಕದವರ ಭುಜ ಹಿಡಿದೆ. ಮರ್ಯಾದೆ ಹೋಯಿತು. ಇಷ್ಟು ನಡೆದರೂ ಕಾಲಲ್ಲಿ ಶಕ್ತಿ ಯಾಕಿಲ್ಲ? (ಹಾವೇರಿ ಜಿಲ್ಲೆಯ ಓದುಗರು)

ಉತ್ತರ: ಮೇಷ್ಟ್ರೇ, ಮರ್ಯಾದೆ ಎಲ್ಲೂ ಹೋಗಿಲ್ಲ. ಆ ಪಂಕ್ತಿಯಲ್ಲಿ ಕೂತ ನಿಮ್ಮ ವಯಸ್ಸಿನವರಲ್ಲಿ ಅರ್ಧ ಜನ ಎಲೆ ಮಡಚುವಾಗಲೇ ಹೇಗಪ್ಪಾ ಏಳುವುದು ಅಂತ ಯೋಚಿಸುತ್ತಿದ್ದಿರಬೇಕು.

ನಡಿಗೆ ಒಳ್ಳೆಯದು. ಹೃದಯಕ್ಕೆ ಒಳ್ಳೆಯದು, ಸಕ್ಕರೆ ಕಾಯಿಲೆಗೆ ಒಳ್ಳೆಯದು, ಊರ ಸುದ್ದಿ ತಿಳಿಯೋದಕ್ಕೂ ಒಳ್ಳೆಯದು. ಆದರೆ ಸಮನೆಲದ ಮೇಲೆ ನಡೆಯಲು ತೊಡೆಯ ಮಾಂಸಖಂಡಕ್ಕೆ ಬೇಕಾದ ಶಕ್ತಿ ತುಂಬಾ ಕಡಿಮೆ. ನೆಲದಿಂದ ಏಳುವುದೆಂದರೆ ಇಡೀ ಮೈಭಾರವನ್ನು ಎರಡು ತೊಡೆ, ಎರಡು ಕುಂಡೆ ಸೇರಿ ಒಂದೇ ದಮ್ಮಿಗೆ ಮೇಲೆ ಎತ್ತಬೇಕು. ನೀವು ನಲವತ್ತು ವರ್ಷ ಕರಿಹಲಗೆ ಮುಂದೆ ನಿಂತಿರಿ, ಆಮೇಲೆ ನಡೆದಿರಿ. ಎತ್ತುವ ಕೆಲಸವನ್ನು ಕಾಲಿಗೆ ಕೊಡಲೇ ಇಲ್ಲ.

ಒಳಗೆ ಏನಾಗುತ್ತದೆ ಅಂತ ಸ್ವಲ್ಪ ಹೇಳುತ್ತೇನೆ, ಯಾಕೆಂದರೆ ಇದು ಗೊತ್ತಾದರೆ ವ್ಯಾಯಾಮ ಯಾಕೆ ಬೇಕು ಅಂತ ನಾನು ಬೇರೆ ಹೇಳಬೇಕಾಗಿಲ್ಲ. ಮಾಂಸಖಂಡದಲ್ಲಿ ಎರಡು ಬಗೆಯ ಎಳೆಗಳಿವೆ. ಒಂದು ನಿಧಾನದ್ದು, ಗಂಟೆಗಟ್ಟಲೆ ದಣಿಯದೆ ದುಡಿಯುತ್ತದೆ, ನಿಮ್ಮ ನಾಲ್ಕು ಕಿಲೋಮೀಟರ್ ನಡಿಗೆ ಅದರದ್ದು. ಇನ್ನೊಂದು ಚುರುಕಿನದು. ಥಟ್ಟನೆ ಏಳೋದು, ಬಸ್ ಹತ್ತೋದು, ಎಡವಿದಾಗ ಇನ್ನೊಂದು ಕಾಲನ್ನು ಪಟಕ್ಕನೆ ಮುಂದಿಟ್ಟು ಬೀಳೋದು ತಪ್ಪಿಸಿಕೊಳ್ಳೋದು, ಇವೆಲ್ಲ ಅದರ ಕೆಲಸ. ವಯಸ್ಸಾದಂತೆ ಜಾಸ್ತಿ ಸೊರಗುವುದು ಈ ಚುರುಕು ಎಳೆಗಳೇ. ಬೆನ್ನುಹುರಿಯಿಂದ ಬರುವ ಒಂದೊಂದು ನರವೂ ಒಂದಷ್ಟು ಎಳೆಗಳನ್ನು ನೋಡಿಕೊಳ್ಳುತ್ತಿರುತ್ತದೆ. ಆ ನರ ಸತ್ತರೆ ಎಳೆಗಳು ಅನಾಥ. ಪಕ್ಕದ ನರ ಕೆಲವನ್ನು ದತ್ತು ತೆಗೆದುಕೊಳ್ಳುತ್ತದೆ, ಆದರೆ ಅದು ನಿಧಾನದ ಜಾತಿಯ ನರವಾದರೆ ದತ್ತು ಬಂದ ಎಳೆಯೂ ಸಾಕಿದ ಮನೆಯ ಬುದ್ಧಿ ಕಲಿತು ನಿಧಾನವಾಗುತ್ತದೆ. ದತ್ತು ಸಿಗದ ಎಳೆಗಳು ಸತ್ತು ಆ ಜಾಗಕ್ಕೆ ಕೊಬ್ಬು ತುಂಬುತ್ತದೆ. ಅದಕ್ಕೇ ಪ್ಯಾಂಟಿನ ಅಳತೆ ಬದಲಾಗದಿದ್ದರೂ ಶಕ್ತಿ ಅರ್ಧ ಆಗಿರಬಹುದು. ಮೂವತ್ತರ ನಂತರ ಹತ್ತು ವರ್ಷಕ್ಕೆ ಶೇ 3ರಿಂದ 8ರಷ್ಟು ಮಾಂಸ ಕರಗುತ್ತದೆ ಅಂತ ಲೆಕ್ಕ, ಅರವತ್ತರ ಮೇಲೆ ಇನ್ನೂ ಜೋರು. ಶಕ್ತಿ ಇಳಿಯುವುದು ಮಾಂಸ ಇಳಿಯುವುದಕ್ಕಿಂತ ಬೇಗ. ಇದಕ್ಕೆ ಸಾರ್ಕೋಪೀನಿಯಾ ಅಂತ ಹೆಸರಿಟ್ಟಿದ್ದು 1989ರಲ್ಲಿ, ಅಮೆರಿಕದ ಇರ್ವಿನ್ ರೋಸೆನ್‌ಬರ್ಗ್. ನಮ್ಮ ಅಜ್ಜಂದಿರ ಕಾಲದಲ್ಲೂ ಇತ್ತು, ಹೆಸರಿರಲಿಲ್ಲ ಅಷ್ಟೆ.

ಈಗ ಒಂದು ಪರೀಕ್ಷೆ. ಊಟದ ಟೇಬಲ್ಲಿನ ಗಟ್ಟಿ ಕುರ್ಚಿಯನ್ನು ಗೋಡೆಗೆ ತಾಗಿಸಿ ಇಡಿ. ಎರಡೂ ಕೈ ಎದೆ ಮೇಲೆ ಕಟ್ಟಿಕೊಂಡು ಐದು ಸಲ ಪೂರ್ತಿ ಎದ್ದು ಕೂರಿ. ಮನೆಯವರು ಮೊಬೈಲಿನಲ್ಲಿ ಸಮಯ ನೋಡಲಿ. 12 ಸೆಕೆಂಡ್ ಅಥವಾ ಅದಕ್ಕಿಂತ ಜಾಸ್ತಿ ಹಿಡಿದರೆ ಕಾಲು ಸೋತಿದೆ ಅಂತ ಅರ್ಥ. ಇದು ಏಷ್ಯಾದ ತಜ್ಞರ ಗುಂಪು 2019ರಲ್ಲಿ ಹಾಕಿದ ಗೆರೆ.

ಸೋತಿದ್ದರೂ ಹೆದರಬೇಡಿ. 1990ರಲ್ಲಿ ಬಾಸ್ಟನ್‌ನ ವೃದ್ಧಾಶ್ರಮವೊಂದರಲ್ಲಿ ಸರಾಸರಿ ತೊಂಬತ್ತು ವಯಸ್ಸಿನ ಹತ್ತು ಮಂದಿಗೆ ಕಾಲಿನಲ್ಲಿ ಭಾರ ಎತ್ತಿಸಿದರು. ತೊಂಬತ್ತು! ಒಬ್ಬರು ನಡುವೆ ಬಿಟ್ಟರು, ಒಂಬತ್ತು ಮಂದಿ ಎಂಟು ವಾರ ಪೂರೈಸಿದರು. ತೊಡೆಯ ಶಕ್ತಿ ಸರಾಸರಿ ಶೇ 174ರಷ್ಟು ಏರಿತು. ಮಾಂಸ ಬೆಳೆದದ್ದು ಮಾತ್ರ ಸುಮಾರು ಶೇ 9. ಹಾಗಾದರೆ ಉಳಿದ ಶಕ್ತಿ ಎಲ್ಲಿಂದ ಬಂತು? ಬಹುಪಾಲು ನರದಿಂದ. ಸುಮ್ನೆ ಕೂತಿದ್ದ ಎಳೆಗಳನ್ನು ಕೆಲಸಕ್ಕೆ ಕರೆಯುವುದನ್ನು ಮೆದುಳು ಮತ್ತೆ ಕಲಿಯಿತು. ನಿಮಗೆ ಇನ್ನೂ 68, ಮೇಷ್ಟ್ರೇ.

ಅದೇ ಕುರ್ಚಿಯಲ್ಲೇ ಶುರು ಮಾಡಿ. ಹತ್ತು ಸಲ ಏಳೋದು ಕೂರೋದು, ಎರಡು ನಿಮಿಷ ಬಿಟ್ಟು ಮತ್ತೆ ಹತ್ತು. ಏಳುವಾಗ ಬೇಗ ಏಳಿ, ಕೂರುವಾಗ ಮನಸ್ಸಲ್ಲೇ ನಾಲ್ಕು ಎಣಿಸುತ್ತಾ ಕೂರಿ. ವಾರಕ್ಕೆ ಮೂರು ದಿನ ಸಾಕು, ನಡುವೆ ಒಂದು ದಿನ ಬಿಡುವು ಇರಲಿ. ಸುಲಭ ಅನ್ನಿಸಿದ ದಿನ ಹಳೇ ಪಠ್ಯಪುಸ್ತಕ ತುಂಬಿದ ಚೀಲವನ್ನು ಎದೆಗೆ ಅಪ್ಪಿಕೊಂಡು ಏಳಿ. ಸುಲಭ ಆದಮೇಲೂ ಅದನ್ನೇ ಮಾಡುತ್ತಿದ್ದರೆ ಪ್ರಯೋಜನ ಇಲ್ಲ, ಇಲ್ಲಿ ತುಂಬಾ ಜನ ತಪ್ಪುತ್ತಾರೆ. ಹೃದಯದ ತೊಂದರೆ ಇದ್ದರೆ ಮೊದಲು ನಿಮ್ಮ ಡಾಕ್ಟರನ್ನು ಕೇಳಿ. ಮಂಡಿ ನೋವಿದ್ದರೆ ಕುರ್ಚಿ ಮೇಲೆ ಒಂದು ದಿಂಬು ಹಾಕಿ ಎತ್ತರ ಮಾಡಿಕೊಳ್ಳಿ.

ಊಟದ ಮಾತೂ ಒಂದಿದೆ. ಅರವತ್ತೈದರ ಮೇಲೆ ಮೈತೂಕದ ಒಂದು ಕಿಲೋಗೆ ದಿನಕ್ಕೆ 1ರಿಂದ 1.2 ಗ್ರಾಂ ಪ್ರೋಟೀನ್ ಬೇಕು ಅನ್ನುತ್ತಾರೆ, ಅಂದರೆ ಅರವತ್ತು ಕಿಲೋ ಇದ್ದವರಿಗೆ 60ರಿಂದ 72 ಗ್ರಾಂ. ನಮ್ಮ ಹಿರಿಯರು ರಾತ್ರಿ ಒಂದು ರೊಟ್ಟಿ ಮಜ್ಜಿಗೆಯಲ್ಲಿ ಮುಗಿಸಿಬಿಡುತ್ತಾರೆ. ತಿಳಿಸಾರಿನಲ್ಲಿ ಬೇಳೆ ಹುಡುಕಬೇಕು. ನಿಮ್ಮ ಕಡೆ ಹೆಸರುಕಾಳು, ಮಡಿಕೆಕಾಳಿನ ಪಲ್ಯ, ಶೇಂಗಾ ಹಿಂಡಿ, ಗಟ್ಟಿ ಮೊಸರು ಎಲ್ಲ ಇದೆಯಲ್ಲ, ಮೂರು ಹೊತ್ತಿಗೂ ಹಂಚಿ ತಿನ್ನಿ. ಒಂದು ಹಿಡಿ ಶೇಂಗಾದಲ್ಲಿ ಏಳೆಂಟು ಗ್ರಾಂ ಸಿಗುತ್ತದೆ. ಮೊಟ್ಟೆ ತಿನ್ನುವವರಾದರೆ ಒಂದಕ್ಕೆ ಆರು ಗ್ರಾಂ. ಕಿಡ್ನಿ ತೊಂದರೆ ಇದ್ದವರಿಗೆ ಈ ಲೆಕ್ಕ ಅಲ್ಲ, ಅವರು ಡಾಕ್ಟರ್ ಹೇಳಿದಷ್ಟೇ ತಿನ್ನಬೇಕು.

ಪ್ರಶ್ನೆ: ನಮ್ಮ ಅತ್ತೆಗೆ 74. ಹದಿನೈದು ವರ್ಷದಿಂದ ಶುಗರ್. ಮುಖ ತೊಳೆಯುವಾಗ ಕಣ್ಣು ಮುಚ್ಚಿದರೆ ವಾಲಿಬಿಡುತ್ತಾರೆ, ಎರಡು ಸಲ ಬಚ್ಚಲಲ್ಲಿ ಬಿದ್ದರು, ದೇವರ ದಯೆ ಮೂಳೆ ಮುರಿಯಲಿಲ್ಲ. ನಡೆಯುವಾಗ ಚಪ್ಪಲಿ ಕಾಲಿಂದ ಕಳಚಿಹೋದರೂ ಅವರಿಗೆ ಗೊತ್ತಾಗುವುದಿಲ್ಲ. ಎಲ್ಲರೂ ವಯಸ್ಸಾಯ್ತು ಬಿಡಿ ಅಂತಾರೆ. ಬಿಡಬಹುದಾ? (ತೀರ್ಥಹಳ್ಳಿ)

ಉತ್ತರ: ಬಿಡಬೇಡಿ. ಚಪ್ಪಲಿ ವಿಷಯ ಬರೆದು ಒಳ್ಳೆಯದು ಮಾಡಿದಿರಿ, ಇಡೀ ಪತ್ರದಲ್ಲಿ ಅದೇ ಮುಖ್ಯ.

ನಾವು ನೆಟ್ಟಗೆ ನಿಲ್ಲುವುದು ಮೂರು ಕಲ್ಲಿನ ಒಲೆ ಇದ್ದಹಾಗೆ. ಕಣ್ಣು ಒಂದು ಕಲ್ಲು. ಒಳಕಿವಿಯಲ್ಲಿರುವ ಸಮತೋಲನದ ಅಂಗ ಇನ್ನೊಂದು. ಮೂರನೆಯದು ಪಾದ ಮತ್ತು ಕೀಲುಗಳಿಂದ ಮೆದುಳಿಗೆ ಹೋಗುವ ಸುದ್ದಿ, ನೆಲ ಎಲ್ಲಿದೆ, ಭಾರ ಯಾವ ಕಾಲ ಮೇಲಿದೆ ಅನ್ನೋದು. ವಯಸ್ಸಾದಂತೆ ಮೂರೂ ಒಂದಿಷ್ಟು ಸವೆಯುತ್ತವೆ, ಅದು ಎಲ್ಲರಿಗೂ ಆಗುವುದೇ. ಆದರೆ ನಿಮ್ಮ ಅತ್ತೆಗೆ ಪಾದದ ಕಲ್ಲು ಹೆಚ್ಚುಕಡಿಮೆ ಕುಸಿದಹಾಗಿದೆ. ಹಗಲಲ್ಲಿ ಕಣ್ಣು ಅದರ ಕೆಲಸವನ್ನೂ ಮಾಡುತ್ತಿದೆ. ಸೋಪು ಹಚ್ಚಿ ಕಣ್ಣು ಮುಚ್ಚಿದ ಕೂಡಲೇ ಉಳಿಯುವುದು ಒಂದೇ ಕಲ್ಲು, ಅದೂ 74 ವರ್ಷದ್ದು. ಹತ್ತೊಂಬತ್ತನೇ ಶತಮಾನದಲ್ಲೇ ಜರ್ಮನಿಯ ರಾಂಬರ್ಗ್ ಎಂಬ ವೈದ್ಯರು ಇದನ್ನು ಗುರುತಿಸಿದ್ದರು. ಕಾಲು ಜೋಡಿಸಿ ನಿಲ್ಲಿಸಿ ಕಣ್ಣು ಮುಚ್ಚಿಸುವ ಪರೀಕ್ಷೆಗೆ ಇವತ್ತಿಗೂ ಅವರದೇ ಹೆಸರು.

ಹದಿನೈದು ವರ್ಷದ ಶುಗರ್ ಪಾದದ ನರಗಳನ್ನು ಹಾಳು ಮಾಡಿರಬಹುದು. ಡಾಕ್ಟರ್ ಹತ್ತಿರ ಹೋದಾಗ ಪಾದ ಪರೀಕ್ಷೆ ಮಾಡಿ ಅಂತ ನೀವೇ ಬಾಯಿ ಬಿಟ್ಟು ಕೇಳಿ. ತೆಳು ನೈಲಾನ್ ಎಳೆಯಿಂದ ಅಂಗಾಲನ್ನು ಒತ್ತಿ ನೋಡುತ್ತಾರೆ, ಎರಡು ನಿಮಿಷದ ಕೆಲಸ. ಇನ್ನೊಂದು, ಅವರು ಸಸ್ಯಾಹಾರಿಯಾ? ಶುಗರ್‌ಗೆ ಕೊಡುವ ಮೆಟ್‌ಫಾರ್ಮಿನ್ ಮಾತ್ರೆ ವರ್ಷಗಳಿಂದ ತಗೊಳ್ಳುತ್ತಿದ್ದಾರಾ? ಎರಡಕ್ಕೂ ಹೌದು ಅಂದರೆ ರಕ್ತದಲ್ಲಿ ವಿಟಮಿನ್ ಬಿ12 ಎಷ್ಟಿದೆ ಅಂತ ನೋಡಲೇಬೇಕು. ಸೊಪ್ಪು, ತರಕಾರಿ, ಕಾಳಿನಲ್ಲಿ ಬಿ12 ಸಿಗುವುದಿಲ್ಲ, ಹಾಲು ಮೊಸರಿನಲ್ಲಿ ಅಷ್ಟಿಷ್ಟು ಇರುತ್ತದೆ. ಆ ಮಾತ್ರೆ ಇದನ್ನೂ ಸರಿಯಾಗಿ ಮೈಗೆ ಹತ್ತಲು ಬಿಡುವುದಿಲ್ಲ. ಕೊರತೆಯಾದರೆ ಇದೇ ತರ ಕಾಲು ಜೋಮು, ತೂರಾಟ. ಬೇಗ ಗೊತ್ತಾದರೆ ಇಂಜೆಕ್ಷನ್ನಿನಲ್ಲೋ ಮಾತ್ರೆಯಲ್ಲೋ ಸರಿಹೋಗುವ ತೊಂದರೆಯನ್ನು ವಯಸ್ಸಿನ ತಲೆಗೆ ಕಟ್ಟಿ ಸುಮ್ಮನಾಗುವುದು ನನಗೆ ಸಹಿಸಲಾಗದ ವಿಷಯ. ಹಾಗಂತ ಮೆಟ್‌ಫಾರ್ಮಿನ್ ನೀವಾಗಿಯೇ ನಿಲ್ಲಿಸಬೇಡಿ.

ಮನೆಯಲ್ಲಿ ಇವತ್ತೇ ಮಾಡಬಹುದಾದದ್ದು ಬೇಕಾದಷ್ಟಿದೆ. ಮುಖ ತೊಳೆಯುವಾಗ ಸ್ಟೂಲ್ ಮೇಲೆ ಕೂರಲಿ. ಬಚ್ಚಲ ಗೋಡೆಗೆ ಹಿಡಿಕಂಬಿ ಹಾಕಿಸಿ. ಟವೆಲ್ ಹಾಕುವ ಕಂಬಿಯನ್ನು ಹಿಡಿಯಲು ಬಿಡಬೇಡಿ, ಅದು ಒದ್ದೆ ಟವೆಲ್ಲಿನ ಭಾರಕ್ಕೆ ಮಾಡಿದ್ದು, ಮನುಷ್ಯರ ಭಾರಕ್ಕಲ್ಲ. ಹಂಡೆ ನೀರಿನ ಬಿಸಿಯನ್ನು ಅವರ ಪಾದ ನಂಬಿ ನೋಡುವುದು ಬೇಡ, ನೀವೇ ಮೊಣಕೈ ಅದ್ದಿ ನೋಡಿ. ಹವಾಯಿ ಚಪ್ಪಲಿ ಬಿಡಿಸಿ, ಹಿಮ್ಮಡಿಗೆ ಪಟ್ಟಿ ಇರುವುದನ್ನು ಕೊಡಿಸಿ. ಮನೆ ಒಳಗೆ ಚಪ್ಪಲಿ ಅಂದರೆ ಗೊಣಗುತ್ತಾರೆ, ಗೊತ್ತು. ಒಂದು ಜೊತೆ ಒಳಗಿಗೇ ಅಂತ ಬೇರೆ ಇಟ್ಟು, ದೇವರ ಮನೆ ಬಾಗಿಲಲ್ಲಿ ಬಿಡಲು ಹೇಳಿ, ಒಪ್ಪಿಕೊಳ್ಳುತ್ತಾರೆ. ನಿಮ್ಮ ಮಲೆನಾಡಿನ ಮಳೆಗಾಲ ಬೇರೆ ಕೇಳಬೇಕಾ, ಅಂಗಳದ ಪಾಚಿ ಮೇಲೆ ಹದಿನೆಂಟರ ಹುಡುಗನೇ ಜಾರುತ್ತಾನೆ. ಅಡಿಕೆ ದಬ್ಬೆ ಹಾಸಿದರೂ ಅದನ್ನು ಆಗಾಗ ಉಜ್ಜಬೇಕು, ಇಲ್ಲದಿದ್ದರೆ ಅದರ ಮೇಲೂ ಪಾಚಿಯೇ.

ರಾತ್ರಿ ಮೂತ್ರಕ್ಕೆ ಏಳುವ ಹೊತ್ತು ಎಲ್ಲಕ್ಕಿಂತ ಅಪಾಯ. ಕತ್ತಲಲ್ಲಿ ಕಣ್ಣಿನ ಕಲ್ಲೂ ಇಲ್ಲ. ಜೊತೆಗೆ ಮಲಗಿದವರು ಒಮ್ಮೆಲೇ ನಿಂತರೆ ಬಿಪಿ ಇಳಿದು ಕಣ್ಣು ಕತ್ತಲೆ ಬರುತ್ತದೆ. ನಿಂತ ಮೂರು ನಿಮಿಷದೊಳಗೆ ಮೇಲಿನ ಬಿಪಿ 20 ಅಥವಾ ಜಾಸ್ತಿ ಇಳಿದರೆ ಅದು ಲೆಕ್ಕಕ್ಕೆ ತಗೊಳ್ಳಬೇಕಾದ ವಿಷಯ, ಬಿಪಿ ಮಾತ್ರೆ, ನಿದ್ದೆ ಮಾತ್ರೆ, ಗಂಡಸರಲ್ಲಿ ಪ್ರಾಸ್ಟೇಟ್ ಮಾತ್ರೆಗಳೂ ಇದಕ್ಕೆ ಕಾರಣ ಆಗುತ್ತವೆ. ಅವರು ತಗೊಳ್ಳುವ ಎಲ್ಲ ಮಾತ್ರೆಗಳನ್ನೂ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ ಡಾಕ್ಟರಿಗೆ ತೋರಿಸಿ. ಹಾಸಿಗೆ ಅಂಚಲ್ಲಿ ಒಂದು ನಿಮಿಷ ಕೂತು, ಪಾದ ಮೇಲೆ ಕೆಳಗೆ ಹತ್ತು ಸಲ ಆಡಿಸಿ, ಆಮೇಲೆ ನಿಲ್ಲಲಿ. ಬಚ್ಚಲವರೆಗೂ ಸಣ್ಣ ದೀಪ ಉರಿಯುತ್ತಿರಲಿ. ಕರೆಂಟ್ ಹೋಗುವ ಊರಾದ್ದರಿಂದ ದಿಂಬಿನ ಪಕ್ಕ ಒಂದು ಟಾರ್ಚ್.

ಪ್ರಶ್ನೆ: ಅಪ್ಪನಿಗೆ 72. ಟಿವಿ ಸೌಂಡ್ ಪಕ್ಕದ ಮನೆಗೂ ಕೇಳಿಸುತ್ತದೆ. ನಾವು ಮಾತಾಡಿದರೆ ಕೇಳಿಸಲ್ಲ, ಜೋರಾಗಿ ಹೇಳಿದರೆ 'ಕಿರುಚಬೇಡ, ಕಿವುಡಾ ನಾನು?' ಅಂತ ರೇಗುತ್ತಾರೆ. ಬೇಕಾದ್ದು ಮಾತ್ರ ಕೇಳಿಸುತ್ತೆ ಅಂತ ಅಮ್ಮನ ದೂರು. (ಬೆಂಗಳೂರು)

ಉತ್ತರ: ಅಮ್ಮನ ದೂರಿನಲ್ಲಿ ಸ್ವಲ್ಪ ನಿಜ ಇದೆ, ಆದರೆ ಅದರಲ್ಲಿ ಅಪ್ಪನ ತಪ್ಪಿಲ್ಲ. ವಯಸ್ಸಿನ ಕಿವುಡು ಮೊದಲು ಹೊಡೆಯುವುದು ಕೀಚಲು ಸದ್ದುಗಳನ್ನು. ಅ, ಉ, ಓ ಇಂಥ ಸ್ವರಗಳು ತಗ್ಗು ಸದ್ದು, ಅವು ಕೇಳಿಸುತ್ತವೆ. ಸ, ಶ, ಚ, ತ, ಕ ಮಸುಕಾಗುತ್ತವೆ. ಹಾಗಾಗಿ ಮಾತಾಡುತ್ತಿದ್ದಾರೆ ಅಂತ ಗೊತ್ತಾಗುತ್ತದೆ, ಏನು ಅಂತ ಗೊತ್ತಾಗುವುದಿಲ್ಲ. ಸೊಪ್ಪು ತನ್ನಿ ಅಂದರೆ ಉಪ್ಪು ಬರುತ್ತದೆ. ಹೆಂಗಸರ, ಮಕ್ಕಳ ದನಿ ಗಂಡಸರ ದನಿಗಿಂತ ಮೇಲಿನ ಶ್ರುತಿಯಲ್ಲಿ ಇರುವುದರಿಂದ ಪಾಪ ಅಮ್ಮನ ಮಾತೇ ಜಾಸ್ತಿ ತಪ್ಪಿಹೋಗುವುದು.

ಕಿರುಚಿದರೆ ಯಾಕೆ ಸಿಟ್ಟು? ಒಳಕಿವಿಯ ಕೂದಲ ಕೋಶಗಳು ಸತ್ತ ಕಿವಿಗೆ ಮೆಲ್ಲಗಿನ ಸದ್ದು ಕೇಳಿಸುವುದೇ ಇಲ್ಲ, ಸ್ವಲ್ಪ ಜೋರು ಮಾಡಿದರೆ ದಿಢೀರನೆ ಕಿವಿಗೆ ಅಪ್ಪಳಿಸುತ್ತದೆ. ನಡುವಿನ ಅಂತರ ಕಿರಿದಾಗಿರುತ್ತದೆ. ಅದಕ್ಕೇ ಎದುರು ಬಂದು, ಮುಖ ಕಾಣುವ ಹಾಗೆ, ನಿಧಾನವಾಗಿ ಹೇಳಿ. ಅಡುಗೆಮನೆಯಿಂದ ಕುಕ್ಕರ್ ಸೀಟಿಯ ನಡುವೆ ಕೂಗಬೇಡಿ.

ಮೊದಲು ಕಿವಿಯಲ್ಲಿ ಗುಗ್ಗೆ ತುಂಬಿದೆಯಾ ನೋಡಿಸಿ, ಕೆಲವೊಮ್ಮೆ ಅಷ್ಟೇ ಇರುತ್ತದೆ. ಆಮೇಲೆ ಶ್ರವಣ ಪರೀಕ್ಷೆ. ಮೈಸೂರಿಗೆ ಹೋಗಿಬರುವ ನೆಪ ಇದ್ದರೆ ಅಲ್ಲಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಎಲ್ಲರೂ ಆಯಿಷ್ ಅನ್ನುತ್ತಾರಲ್ಲ, ಅಲ್ಲಿ ತೋರಿಸಬಹುದು. ಹಿಯರಿಂಗ್ ಏಡ್ ಕೊಡಿಸಿದರೆ ಎರಡನೇ ದಿನವೇ ಡಬ್ಬಿಗೆ ಹಾಕಿಡುವುದು ಬೇಡ. ವರ್ಷಗಟ್ಟಲೆ ಕೇಳದ ಫ್ಯಾನ್ ಸದ್ದು, ಪಾತ್ರೆ ಸದ್ದು ಒಟ್ಟಿಗೆ ಬಂದಾಗ ತಲೆಕೆಡುತ್ತದೆ, ಮೆದುಳು ಒಗ್ಗಿಕೊಳ್ಳಲು ಕೆಲವು ವಾರ ಬೇಕು. ಮೊದಲು ಮನೆಯಲ್ಲಿ ದಿನಕ್ಕೆ ಎರಡು ಮೂರು ಗಂಟೆ ಹಾಕಿಕೊಂಡು ರೂಢಿಯಾಗಲಿ, ಆಮೇಲೆ ಮದುವೆ ಮನೆ. ಖರ್ಚಿನ ಬಾಬತ್ತು ಅಂತ ಮುಂದೂಡುವವರಿಗೆ ಒಂದು ಮಾತು: ಮರೆವಿನ ಕಾಯಿಲೆಗೆ ಕಾರಣವಾಗುವ, ಆದರೆ ನಾವು ಏನಾದರೂ ಮಾಡಬಹುದಾದ ಅಂಶಗಳಲ್ಲಿ ಕಿವುಡನ್ನು ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ಆಯೋಗ 2020ರಲ್ಲಿ ದೊಡ್ಡದಾಗಿ ಎಣಿಸಿದೆ. ಯಾವ ವಯಸ್ಸಿನವರಿಗೇ ಆಗಲಿ, ಒಂದು ಕಿವಿ ಇದ್ದಕ್ಕಿದ್ದಂತೆ ಮುಚ್ಚಿಹೋದರೆ ಮಾತ್ರ ಅದೇ ದಿನ ಡಾಕ್ಟರ್ ಹತ್ತಿರ ಓಡಿ.

ಪ್ರಶ್ನೆ: ನನ್ನ ಅಡುಗೆಗೆ ಈಗೀಗ ಉಪ್ಪು ಜಾಸ್ತಿ ಅಂತ ಮಕ್ಕಳು ಹೇಳುತ್ತಾರೆ. ನನಗೆ ಸಪ್ಪೆ ಅನ್ನಿಸುತ್ತದೆ. ವಯಸ್ಸು 66. (ಮಂಗಳೂರು)

ಉತ್ತರ: ನಾಲಿಗೆಗಿಂತ ಮೂಗಿನ ಕೆಲಸ ಇದು. ರುಚಿ ಅಂತ ನಾವು ಹೇಳುವುದರಲ್ಲಿ ದೊಡ್ಡ ಪಾಲು ವಾಸನೆಯದ್ದು, ವಯಸ್ಸಾದಂತೆ ಅದು ಮಂಕಾಗುತ್ತದೆ. ಉಪ್ಪು ಹಾಕುವ ಬದಲು ಹುಳಿ, ಶುಂಠಿ, ಕರಿಬೇವಿನ ಒಗ್ಗರಣೆ ಜಾಸ್ತಿ ಮಾಡಿ, ಬಿಪಿಗೂ ಒಳ್ಳೆಯದು. ಒಂದು ಎಚ್ಚರ: ಗ್ಯಾಸ್ ಸೋರಿದರೆ ಗೊತ್ತಾಗಲಿ ಅಂತಲೇ ಅದಕ್ಕೆ ಕೆಟ್ಟ ವಾಸನೆ ಸೇರಿಸಿರುತ್ತಾರೆ, ನಿಮ್ಮ ಮೂಗಿಗೆ ಅದೂ ತಪ್ಪಬಹುದು. ರಾತ್ರಿ ರೆಗ್ಯುಲೇಟರ್ ಬಂದ್ ಮಾಡಿ ಮಲಗಿ. ವಾಸನೆ ಒಮ್ಮೆಲೇ ಹೋಗಿದ್ದರೆ ಮಾತ್ರ ಡಾಕ್ಟರಿಗೆ ತೋರಿಸಿ.

ಪ್ರಶ್ನೆ: ಹಾಸಿಗೆಯಲ್ಲಿ ಬಲಕ್ಕೆ ಹೊರಳಿದರೆ ಇಡೀ ಕೋಣೆ ಗಿರ್ ಅಂತ ಸುತ್ತುತ್ತದೆ, ಅರ್ಧ ನಿಮಿಷದಲ್ಲಿ ನಿಲ್ಲುತ್ತದೆ. ಕುತ್ತಿಗೆ ಸವೆದಿದೆ ಅಂತ ಹೇಳಿ ಪಟ್ಟಿ ಹಾಕಿಸಿದ್ದಾರೆ. ಮೂರು ತಿಂಗಳಾಯಿತು, ಹಾಗೇ ಇದೆ. ವಯಸ್ಸು 61. (ತುಮಕೂರು)

ಉತ್ತರ: ಅರವತ್ತು ದಾಟಿದವರ ಕುತ್ತಿಗೆ ಎಕ್ಸ್‌ರೇ ತೆಗೆದರೆ ಸವೆತ ಕಾಣದಿರುವುದೇ ಅಪರೂಪ. ಅದಕ್ಕೂ ನಿಮ್ಮ ಸುತ್ತಿಗೂ ಸಂಬಂಧ ಇರಲೇಬೇಕು ಅಂತೇನಿಲ್ಲ. ನೀವು ಬರೆದದ್ದು ಓದಿದರೆ ಒಳಕಿವಿಯ ಹರಳಿನ ತೊಂದರೆ ಅನ್ನಿಸುತ್ತದೆ. ಕಿವಿಯೊಳಗೆ ಒಂದು ಕಡೆ ಸುಣ್ಣದ ಸಣ್ಣ ಹರಳುಗಳು ಅಂಟಿಕೊಂಡಿರುತ್ತವೆ, ವಯಸ್ಸಾದಂತೆ ಕೆಲವು ಉದುರಿ ಪಕ್ಕದ ಕೊಳವೆಗೆ ಬೀಳುತ್ತವೆ. ಹೊರಳಿದಾಗ ಅವು ಉರುಳಿ, ಮೈ ತಿರುಗುತ್ತಿದೆ ಅಂತ ಮೆದುಳಿಗೆ ಸುಳ್ಳು ಸುದ್ದಿ ಕೊಡುತ್ತವೆ. ಔಷಧಿ ಬೇಕಿಲ್ಲ. ತಲೆಯನ್ನು ಒಂದು ಕ್ರಮದಲ್ಲಿ ತಿರುಗಿಸಿ ಹರಳನ್ನು ವಾಪಸ್ ಕಳಿಸುವ ವಿಧಾನ ಇದೆ, ಅಮೆರಿಕದ ಎಪ್ಲಿ ಎಂಬ ಕಿವಿ ವೈದ್ಯರು ಕಂಡುಹಿಡಿದದ್ದು, ಹತ್ತು ಹದಿನೈದು ನಿಮಿಷ ಸಾಕು. ಕಿವಿ ಮೂಗು ಗಂಟಲು ತಜ್ಞರ ಹತ್ತಿರ, ಇಲ್ಲಾ ಇದರಲ್ಲಿ ತರಬೇತಿ ಇರುವ ಫಿಸಿಯೋ ಹತ್ತಿರ ಮಾಡಿಸಿಕೊಳ್ಳಿ. ಯಾವ ಕಿವಿ, ಯಾವ ಕೊಳವೆ ಅಂತ ನೋಡದೆ ವಿಡಿಯೋ ಹಾಕಿಕೊಂಡು ಮಾಡಬೇಡಿ. ಸುತ್ತಿನ ಜೊತೆ ಮಾತು ತೊದಲಿದರೆ, ಎರಡೆರಡು ಕಂಡರೆ, ಒಂದು ಕಡೆ ಕೈಕಾಲು ಸೋತರೆ ಅದು ಹರಳಲ್ಲ, ತಕ್ಷಣ ಆಸ್ಪತ್ರೆ.

ಪ್ರಶ್ನೆ: ಅಪ್ಪ 71, ಗದ್ದೆ ಕೆಲಸ ಮಾಡುತ್ತಿದ್ದವರು. ಡೆಂಗಿ ಬಂದು ಹತ್ತು ದಿನ ಮಲಗಿದ್ದರು. ಜ್ವರ ಬಿಟ್ಟು ಎರಡು ವಾರ ಆದರೂ ನಿಂತರೆ ಕಾಲು ನಡುಗುತ್ತದೆ. ಇನ್ನೂ ರೆಸ್ಟ್ ಮಾಡಲಿ ಅಂತ ನೆಂಟರು. (ಮಂಡ್ಯ)

ಉತ್ತರ: ನೆಂಟರಿಗೆ ಕಾಫಿ ಕೊಟ್ಟು ಕಳಿಸಿ. 2007ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಆರೋಗ್ಯವಂತ ಹಿರಿಯರನ್ನು ಹತ್ತು ದಿನ ಹಾಸಿಗೆಯಲ್ಲೇ ಇರಿಸಿದರು. ಕಾಲುಗಳಿಂದಲೇ ಸುಮಾರು ಒಂದು ಕಿಲೋ ಮಾಂಸ ಹೋಗಿತ್ತು. ಅವರಿಗೆ ಜ್ವರವೂ ಇರಲಿಲ್ಲ. ಡಾಕ್ಟರ್ ಒಮ್ಮೆ ನೋಡಿ ಸರಿ ಅಂದರೆ ಇವತ್ತಿಂದಲೇ ಕುರ್ಚಿಯಿಂದ ಏಳಿಸಿ, ಮೊದಲು ಕೈ ಊರಿಯೇ ಏಳಲಿ, ಗಂಟೆಗೊಮ್ಮೆ ಐದು ಸಲ. ಜ್ವರ ಬಿಟ್ಟವರಿಗೆ ಬರೀ ಗಂಜಿ ಕೊಟ್ಟು ಕೂರಿಸುವುದನ್ನು ನಿಲ್ಲಿಸಿ, ಮುದ್ದೆ ಜೊತೆ ಹುರುಳಿಕಾಳಿನ ಗಟ್ಟಿ ಸಾರು ಕೊಡಿ. ಬಾಯಾರಿಕೆ ಈ ವಯಸ್ಸಿಗೆ ಸರಿಯಾಗಿ ಗೊತ್ತಾಗುವುದಿಲ್ಲ, ಕೇಳದಿದ್ದರೂ ನೀರು ಮಜ್ಜಿಗೆ ಕೊಡುತ್ತಿರಿ.

ಪ್ರಶ್ನೆ: ನಾನು ದರ್ಜಿ, ವಯಸ್ಸು 64. ಕಪ್ಪು ಬಟ್ಟೆಗೆ ಕಡುನೀಲಿ ದಾರ ಹಾಕಿ ಹೊಲಿದುಬಿಟ್ಟೆ. ಮೆಟ್ಟಿಲಿಳಿಯುವಾಗ ಕೊನೇ ಮೆಟ್ಟಿಲು ತಪ್ಪುತ್ತದೆ. ಕನ್ನಡಕ ಹೊಸದೇ. (ದಾವಣಗೆರೆ)

ಉತ್ತರ: ಅರವತ್ತರ ಕಣ್ಣಿನ ಒಳಪರದೆಗೆ ಇಪ್ಪತ್ತರ ಕಣ್ಣಿಗೆ ಸಿಗುವ ಬೆಳಕಿನ ಮೂರನೇ ಒಂದು ಪಾಲು ಮಾತ್ರ ಸಿಗುತ್ತದೆ. ಕಣ್ಣಪಾಪೆ ಕಿರಿದಾಗಿ, ಮಸೂರ ಹಳದಿಗೆ ತಿರುಗಿರುತ್ತದೆ. ಹಳದಿ ಗಾಜು ನೀಲಿಯನ್ನು ನುಂಗುವುದರಿಂದ ನೀಲಿ, ಕಪ್ಪು ಒಂದೇ ತರ ಕಾಣುತ್ತವೆ. ಮಿಷನ್ ಮೇಲೆ ಇನ್ನೊಂದು ಬಿಳಿ ದೀಪ ಹಾಕಿಸಿ, ದಾರವನ್ನು ಹಗಲಲ್ಲೇ ಬಾಗಿಲಿಗೆ ಬಂದು ಆರಿಸಿಕೊಳ್ಳಿ, ಪೊರೆ ಬಂದಿದೆಯಾ ಅಂತಲೂ ತೋರಿಸಿ. ಮೆಟ್ಟಿಲಿನ ಕಥೆ ಬೇರೆ. ಹೊಸ ಕನ್ನಡಕ ಬೈಫೋಕಲ್ ಇರಬೇಕು, ಅಲ್ವಾ? ಅದರ ಕೆಳಭಾಗ ಓದಲು ಮಾಡಿದ್ದು, ಅದರೊಳಗಿಂದ ಕಾಲ ಬಳಿ ನೋಡಿದರೆ ಮೆಟ್ಟಿಲು ಮಸುಕು. ಇಳಿಯುವಾಗ ಗದ್ದ ಬಗ್ಗಿಸಿ ಮೇಲಿನ ಗಾಜಿನಲ್ಲಿ ನೋಡಿ, ಇಲ್ಲಾ ಓಡಾಡಲು ದೂರದ ಕನ್ನಡಕವನ್ನೇ ಬೇರೆ ಮಾಡಿಸಿ. ಕೊನೇ ಮೆಟ್ಟಿಲಿನ ಅಂಚಿಗೆ ಒಂದು ಹಳದಿ ಪಟ್ಟಿ ಬಳಿದುಬಿಡಿ.

ಪ್ರಶ್ನೆ: ಎಡ ಮಂಡಿ ನೋವು. ಕೋಲು ಹಿಡಿ ಅಂತ ಮಗಳು ಹೇಳುತ್ತಾಳೆ, ನನಗೆ ನಾಚಿಕೆ. ಹಿಡಿಯುವುದಾದರೂ ಯಾವ ಕೈಯಲ್ಲಿ? (ಉಡುಪಿ)

ಉತ್ತರ: ಬಲಗೈಯಲ್ಲಿ. ನೋವಿರುವ ಕಾಲಿನ ಎದುರು ಕೈಯಲ್ಲಿ ಹಿಡಿದು, ಎಡಗಾಲು ಮತ್ತು ಕೋಲು ಒಟ್ಟಿಗೆ ಮುಂದಿಡಬೇಕು. ಸಿನಿಮಾದಲ್ಲೂ ರಸ್ತೆಯಲ್ಲೂ ಜಾಸ್ತಿ ಜನ ಹಿಡಿಯುವುದು ನೋವಿರುವ ಕಡೆಯಲ್ಲೇ, ಅದು ತಪ್ಪು. ಚಪ್ಪಲಿ ಹಾಕಿ ನೆಟ್ಟಗೆ ನಿಂತು ಕೈ ಇಳಿಬಿಟ್ಟಾಗ ಕೋಲಿನ ಹಿಡಿ ಮಣಿಕಟ್ಟಿನ ಗೆರೆಗೆ ಬರಬೇಕು. ಅಪ್ಪನ ಕಾಲದ ಬೆತ್ತ ಮನೆಯಲ್ಲಿದ್ದರೆ ಅದನ್ನೇ ಕೊಯ್ಸಿ ಸರಿಮಾಡಿಕೊಳ್ಳಬಹುದು, ನಾಚಿಕೆಯೂ ಕಡಿಮೆಯಾದೀತು. ತುದಿಗೆ ರಬ್ಬರ್ ಬುಡ ಹಾಕಿಸುವುದು ಮರೆಯಬೇಡಿ. ಅದರ ಗೆರೆ ಸವೆದ ಕೂಡಲೇ ಬದಲಿಸಿ, ನಿಮ್ಮೂರಿನ ಮಳೆಗೆ ನುಣ್ಣಗಿನ ರಬ್ಬರ್ ನಿಲ್ಲುವುದಿಲ್ಲ.